ಮಳೆಗಾಲದ ಕಡಲು, ಮಬ್ಬು ಹಿಡಿದ ಫೋಟೊ: ಓದುಗರ ಪ್ರಶ್ನೆಗಳಿಗೆ ಉತ್ತರ

ಈ ತಿಂಗಳು ನಮ್ಮ ಛಾಯಾಚಿತ್ರ ವಿಭಾಗಕ್ಕೆ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ದೂರನ್ನು ಹೊತ್ತು ಬಂದಿವೆ. ಕಡಲ ದಂಡೆಗೆ ಹೋದೆವು, ಮಳೆ ಹಿಡಿಯಿತು, ತೆಗೆದ ಫೋಟೊಗಳೆಲ್ಲ ಬೂದಿ ಬಳಿದಂತೆ ಬಂದಿವೆ, ಕಂಪ್ಯೂಟರಿನಲ್ಲಿ ಕೂತು ಸರಿಮಾಡಲು ಸಾಧ್ಯವೇ ಎಂಬುದು ಎಲ್ಲರ ಪ್ರಶ್ನೆ. ಒಂದು ಪತ್ರದ ಜೊತೆಗೆ ಮೂಲ ಫೈಲೂ ಬಂದಿದ್ದರಿಂದ ಅದನ್ನೇ ಮೊದಲು ಎತ್ತಿಕೊಂಡು ಸ್ವಲ್ಪ ವಿವರವಾಗಿ ನೋಡೋಣ. ಉಳಿದವಕ್ಕೆ ಚುಟುಕಾಗಿ ಉತ್ತರಿಸಿದ್ದೇನೆ.

ಪ್ರಶ್ನೆ: ಊರಿನಿಂದ ಬಂದಿದ್ದ ಸೋದರಮಾವನವರನ್ನು ಕಳೆದ ತಿಂಗಳು ಮುಂಬಯಿಯ ಬಾಂದ್ರಾ ಕೋಟೆಗೆ ಕರೆದುಕೊಂಡು ಹೋಗಿದ್ದೆ. ಕೋಟೆಯ ಕೆಳಗಿನ ಬಂಡೆಗಳು, ಅಲೆ, ಹಿಂದೆ ವರ್ಲಿ ಸೀ ಲಿಂಕ್ ಸೇತುವೆ, ಇಷ್ಟನ್ನೂ ಸೇರಿಸಿ ಒಂದು ಫೋಟೊ ತೆಗೆದೆ. ಮನೆಗೆ ಬಂದು ನೋಡಿದರೆ ಬಂಡೆ, ನೀರು, ಸೇತುವೆ, ಆಕಾಶ ಎಲ್ಲ ಒಂದೇ ಬೂದು ಬಣ್ಣ. ತಂತ್ರಾಂಶದಲ್ಲಿ ‘ಆಟೊ’ ಒತ್ತಿದರೆ ಆಕಾಶದಲ್ಲಿ ಪಟ್ಟೆಪಟ್ಟೆಯಾಗಿ ಕಾಣುತ್ತದೆ. ಮಬ್ಬು ತೆಗೆಯುವ ‘ಡೀಹೇಜ್’ ಅನ್ನು ಪೂರ್ತಿ ಎಳೆದರೆ ಸೇತುವೆ ಕಾಣಿಸುತ್ತದೆ, ಆದರೆ ಅಲೆಯ ನೊರೆ ಕೊಳಕಾಗುತ್ತದೆ. ಮಾವನವರು ‘ಅಲ್ಲಿ ನಿಂತಾಗ ಇದಕ್ಕಿಂತ ಎಷ್ಟೋ ಚೆನ್ನಾಗಿತ್ತಲ್ಲ ಮಾರಾಯಾ’ ಎನ್ನುತ್ತಿದ್ದಾರೆ. ರಾ (ಕ್ಯಾಮೆರಾ ಹಿಡಿದದ್ದನ್ನು ಹಾಗೆಯೇ ಉಳಿಸಿದ ಫೈಲ್) ಮತ್ತು ಜೆಪೆಗ್ (ಕ್ಯಾಮೆರಾ ತಾನೇ ಸಿದ್ಧಪಡಿಸಿ ಕುಗ್ಗಿಸಿದ ಫೈಲ್) ಎರಡನ್ನೂ ಕಳಿಸಿದ್ದೇನೆ.
(ಡೊಂಬಿವಲಿಯ ಓದುಗರೊಬ್ಬರು)

ಉತ್ತರ: ನಿಮ್ಮ ಮಾವನವರ ಮಾತು ಸರಿಯಾಗಿಯೇ ಇದೆ. ಮಳೆಯ ದಿನ ಗಾಳಿಯಲ್ಲಿರುವ ನೀರಿನ ಕಣಗಳು ಬೆಳಕಿನ ಎಲ್ಲ ಬಣ್ಣಗಳನ್ನೂ ಹೆಚ್ಚುಕಡಿಮೆ ಸಮನಾಗಿ ಚದುರಿಸುವುದರಿಂದ ನಮಗೂ ದೃಶ್ಯಕ್ಕೂ ನಡುವೆ ಒಂದು ಬಿಳಿಯ ತೆರೆ ಎದ್ದಂತಾಗುತ್ತದೆ. ವಸ್ತು ದೂರವಿದ್ದಷ್ಟೂ ಆ ತೆರೆ ದಪ್ಪ. ನಮ್ಮ ಕಣ್ಣು ಬೇಗನೆ ಅದಕ್ಕೆ ಹೊಂದಿಕೊಂಡು, ತೆರೆಯ ಹಿಂದಿನ ಸಣ್ಣಸಣ್ಣ ವ್ಯತ್ಯಾಸಗಳನ್ನು ಹೆಕ್ಕಿಕೊಳ್ಳುತ್ತದೆ. ಕ್ಯಾಮೆರಾ ತೆರೆಯನ್ನೂ ದೃಶ್ಯವನ್ನೂ ಕೂಡಿಸಿಯೇ ದಾಖಲಿಸಿಕೊಳ್ಳುತ್ತದೆ. ನಿಮ್ಮ ಜೆಪೆಗ್‌ನ ಹಿಸ್ಟೋಗ್ರಾಮ್ (ಕಪ್ಪಿನಿಂದ ಬಿಳುಪಿನವರೆಗೆ ಯಾವ ಮಟ್ಟದಲ್ಲಿ ಎಷ್ಟು ಇದೆ ಎಂದು ತೋರಿಸುವ ನಕ್ಷೆ) ತೆರೆದು ನೋಡಿ: 0ಯಿಂದ 255ರವರೆಗಿನ ಅಳತೆಯಲ್ಲಿ ಸುಮಾರು 95ಕ್ಕೂ 190ಕ್ಕೂ ನಡುವೆ ಎಲ್ಲವೂ ಗುಡ್ಡೆ ಬಿದ್ದಿದೆ, ಎಡಗಡೆ ಕಪ್ಪು ಇಲ್ಲ, ಬಲಗಡೆ ಬಿಳುಪು ಇಲ್ಲ. ಇದಕ್ಕೆ ಹೆದರಬೇಕಾಗಿಲ್ಲ. ಗುಡ್ಡೆ ಬಲತುದಿಗೆ ಒರಗಿ ಆಕಾಶ ಸುಟ್ಟುಹೋಗಿದ್ದರೆ ಯಾವ ತಂತ್ರಾಂಶ ತಂದರೂ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ ಆಗುತ್ತಿತ್ತು, ಏಕೆಂದರೆ ಅಲ್ಲಿ ಎತ್ತಿಕೊಳ್ಳಲು ಏನೂ ಉಳಿದಿರುವುದಿಲ್ಲ. ನಿಮ್ಮ ಚಿತ್ರದಲ್ಲಿ ಎಲ್ಲವೂ ಇದೆ, ಒತ್ತೊತ್ತಾಗಿ ಇದೆ, ಅಷ್ಟೇ.

ಪಟ್ಟೆ ಬರಲು ಕಾರಣವೂ ಇದೇ ಲೆಕ್ಕದಲ್ಲಿದೆ. ಜೆಪೆಗ್ ಫೈಲಿನಲ್ಲಿ ಪ್ರತಿ ಬಣ್ಣಕ್ಕೆ 256 ಮಟ್ಟಗಳು ಮಾತ್ರ. ಅದರಲ್ಲಿ ನಿಮ್ಮ ಇಡೀ ಚಿತ್ರ ಬಳಸಿರುವುದು ನೂರಕ್ಕಿಂತ ಕಡಿಮೆ. ಆಕಾಶವೊಂದೇ ಬಳಸಿರುವುದು ಬಹುಶಃ ಇಪ್ಪತ್ತು. ಆ ಇಪ್ಪತ್ತನ್ನು ಎಳೆದು ಅರವತ್ತರ ಜಾಗಕ್ಕೆ ಹರಡಿದಾಗ ಒಂದೊಂದು ಮೆಟ್ಟಿಲೂ ಕಣ್ಣಿಗೆ ಬೀಳುತ್ತದೆ. ರಾ ಫೈಲಿನ ಸಂಗತಿ ಬೇರೆ. 12 ಬಿಟ್‌ನ ಕ್ಯಾಮೆರಾದಲ್ಲಿ 4,096, 14 ಬಿಟ್‌ನದರಲ್ಲಿ 16,384 ಮಟ್ಟಗಳಿರುತ್ತವೆ, ಹಾಗಾಗಿ ಎಳೆದರೂ ನಡುವೆ ತುಂಬಿಕೊಳ್ಳಲು ಬೇಕಾದಷ್ಟು ಸರಕು ಇರುತ್ತದೆ. ಆದ್ದರಿಂದ ಜೆಪೆಗ್ ಅನ್ನು ಬದಿಗಿಟ್ಟು ರಾ ಫೈಲನ್ನೇ ತೆರೆಯಿರಿ. ತಿಂಗಳ ಬಾಡಿಗೆ ಕಟ್ಟುವ ಲೈಟ್‌ರೂಮ್ ಇಲ್ಲದಿದ್ದರೆ ಚಿಂತೆ ಬೇಡ. ಡಾರ್ಕ್‌ಟೇಬಲ್ ಮತ್ತು ರಾಥೆರಪಿ ಎರಡೂ ಉಚಿತವಾಗಿ ಸಿಗುತ್ತವೆ, ಮತ್ತು ಕೆಳಗೆ ಹೇಳುವ ಕೆಲಸಗಳಿಗೆ ಬೇಕಾದ ಉಪಕರಣಗಳು ಬೇರೆ ಬೇರೆ ಹೆಸರಿನಲ್ಲಾದರೂ ಅವುಗಳಲ್ಲಿವೆ.

ಮೊದಲು ದಿಗಂತವನ್ನು ನೇರ ಮಾಡಿಕೊಳ್ಳಿ. ನಿಮ್ಮ ಚಿತ್ರದಲ್ಲಿ ನೀರು ಎಡಕ್ಕೆ ಚೆಲ್ಲಿಹೋಗುವಂತೆ ಒಂದೂವರೆ ಡಿಗ್ರಿಯಷ್ಟು ವಾಲಿದೆ. ಮಬ್ಬಿನಲ್ಲಿ ಅದು ಎದ್ದು ಕಾಣದಿದ್ದರೂ ಸ್ಪಷ್ಟಗೊಳಿಸಿದ ಕೂಡಲೇ ಕಾಣುತ್ತದೆ. ಆಮೇಲೆ ವೈಟ್ ಬ್ಯಾಲೆನ್ಸ್, ಎಂದರೆ ಬೆಳಕಿನ ಬಣ್ಣಕ್ಕೆ ತಕ್ಕಂತೆ ಚಿತ್ರದ ಬಣ್ಣ ಹೊಂದಿಸುವುದು. ನೀವು ಅದನ್ನು ನೀಲಿಯ ಕಡೆಗೆ ತಿರುಗಿಸಿ ನೋಡಿದ್ದೀರಿ ಎಂದು ಫೈಲಿನ ಜೊತೆಗಿರುವ ಟಿಪ್ಪಣಿ ಹೇಳುತ್ತಿದೆ. ಬೇಡ. ಮಿಠಿ ನದಿಯ ಕೆಸರು ನೀರು ಬಂದು ಸೇರುವ ಮಾಹಿಮ್ ಕೊಲ್ಲಿ ಜುಲೈ ತಿಂಗಳಿನಲ್ಲಿ ನೀಲಿಯಾಗಿರುವುದಿಲ್ಲ, ಅದು ಹಾಲು ಕಡಿಮೆ ಹಾಕಿದ ಚಹಾದ ಬಣ್ಣಕ್ಕೆ ತುಸು ಹಸಿರು ಬೆರೆಸಿದಂತೆ ಇರುತ್ತದೆ. ಮೋಡ ಕವಿದ ದಿನದ ಬೆಳಕು ಸುಮಾರು 6500ರಿಂದ 7500 ಕೆಲ್ವಿನ್‌ನ ಆಸುಪಾಸಿನಲ್ಲಿರುವುದರಿಂದ ಸ್ಲೈಡರನ್ನು 6800ರ ಬಳಿ ಇಟ್ಟು ನೋಡಿದೆ. ಬಂಡೆಯ ಮೇಲಿನ ಪಾಚಿಗೆ ಪಾಚಿಯ ಬಣ್ಣ ಬಂತು. ಕೆಲ್ವಿನ್ ಸಂಖ್ಯೆ ಏರಿಸಿದಷ್ಟೂ ಚಿತ್ರ ಹಳದಿಗೆ ತಿರುಗುತ್ತದೆ ಎಂಬುದನ್ನು ನೆನಪಿಡಿ, ಹೊಸಬರು ಇಲ್ಲಿ ಸಾಮಾನ್ಯವಾಗಿ ತಿರುವುಮುರುವು ಮಾಡಿಕೊಳ್ಳುತ್ತಾರೆ.

ಈಗ ಮುಖ್ಯವಾದ ಕೆಲಸ. ‘ಆಟೊ’ ಗುಂಡಿ ಮಾಡುವುದು ಏನೆಂದರೆ ಚಿತ್ರದಲ್ಲಿರುವ ಅತಿ ಕಡುವಾದದ್ದನ್ನು ಕಪ್ಪಿಗೂ ಅತಿ ತಿಳಿಯಾದದ್ದನ್ನು ಬಿಳುಪಿಗೂ ಒಯ್ದು, ನಡುವಿನದೆಲ್ಲವನ್ನೂ ಸಮನಾಗಿ ಹಿಗ್ಗಿಸುವುದು. ಅದು ಹತ್ತಿರದ ಬಂಡೆಗೂ ದೂರದ ಸೇತುವೆಗೂ ಒಂದೇ ನ್ಯಾಯ ಹೇಳುತ್ತದೆ, ಮಳೆಯಾದರೋ ಎರಡಕ್ಕೂ ಒಂದೇ ನ್ಯಾಯ ಹೇಳಿರುವುದಿಲ್ಲ. ನಿಮ್ಮ ಚಿತ್ರದಲ್ಲಿ ಮೂರು ದೂರಗಳಿವೆ: ಕಾಲ ಬುಡದ ಬಂಡೆ ಮತ್ತು ನೊರೆ, ನಡುವಿನ ನೀರು, ಅದರಾಚೆ ಸೇತುವೆ ಮತ್ತು ವರ್ಲಿಯ ಕಟ್ಟಡಗಳು. ಒದ್ದೆ ಬಂಡೆ ನಿಜಕ್ಕೂ ಕಪ್ಪಗಿರುತ್ತದೆ. ಅದನ್ನು ಕಪ್ಪಿಗೆ ತಂದರೆ ತಪ್ಪಿಲ್ಲ. ಸೇತುವೆ ಅಲ್ಲಿಂದ ನಸುಬೂದಿಯಾಗಿಯೇ ಕಾಣಬೇಕು. ಅದನ್ನೂ ಕಪ್ಪಿಗೆ ಎಳೆದರೆ ದೂರ ಎಂಬುದೇ ಅಳಿದುಹೋಗಿ, ಗೊಂಬೆ ಸೇತುವೆಯೊಂದನ್ನು ಬಂಡೆಯ ಹಿಂದೆ ನಿಲ್ಲಿಸಿದ ಹಾಗಾಗುತ್ತದೆ. ಹಾಗಾಗಿ ಇಡೀ ಚಿತ್ರಕ್ಕೆ ಕರ್ವ್ಸ್‌ನಲ್ಲಿ ಬಹಳ ಮೆಲುವಾದ ಒಂದು ‘ಎಸ್’ ಆಕಾರ ಕೊಟ್ಟು (ಕಡುವಾದದ್ದು ಇನ್ನು ತುಸು ಕಡು, ತಿಳಿಯಾದದ್ದು ಇನ್ನು ತುಸು ತಿಳಿ ಆಗುವಂತೆ), ಉಳಿದದ್ದನ್ನು ಮಾಸ್ಕ್ (ಆರಿಸಿದ ಜಾಗಕ್ಕೆ ಮಾತ್ರ ಬದಲಾವಣೆ ತಗಲುವಂತೆ ಮಾಡುವ ಉಪಕರಣ) ಬಳಸಿ ಭಾಗಭಾಗವಾಗಿ ಮಾಡಿ. ನಾನು ಕೆಳಗಿನಿಂದ ಮೇಲಕ್ಕೆ ಒಂದು ಗ್ರೇಡಿಯೆಂಟ್ (ಮೆಲ್ಲಗೆ ತೆಳುವಾಗುತ್ತ ಹೋಗುವ ಮಾಸ್ಕ್) ಎಳೆದು, ಬಂಡೆಗಳಿರುವ ಕೆಳಗಿನ ಮೂರನೆಯ ಒಂದು ಭಾಗದಲ್ಲಿ ಮಾತ್ರ ಬ್ಲ್ಯಾಕ್ಸ್ ಇಳಿಸಿ ಕಾಂಟ್ರಾಸ್ಟ್ ಏರಿಸಿದೆ. ಅಷ್ಟಕ್ಕೇ ಬಂಡೆಗೆ ಅಂಟಿದ ಚಿಪ್ಪುಗಳು ಒಂದೊಂದಾಗಿ ಬಿಡಿಬಿಡಿಯಾಗಿ ಕಂಡವು, ಅವುಗಳ ನಡುವೆ ಇಳಿಯುತ್ತಿರುವ ನೀರಿನ ಎಳೆಗಳೂ ಕಂಡವು.

ಡೀಹೇಜ್ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು, ಏಕೆಂದರೆ ಅದು ಹೇಗೆ ಯೋಚಿಸುತ್ತದೆ ಎಂದು ಗೊತ್ತಿದ್ದರೆ ನೊರೆ ಏಕೆ ಕೊಳಕಾಯಿತು ಎಂದು ತಾನೇ ತಿಳಿಯುತ್ತದೆ. ಅಡೋಬಿ ಸಂಸ್ಥೆ ಈ ಹೆಸರಿನ ಸ್ಲೈಡರನ್ನು ತಂದದ್ದು 2015ರಲ್ಲಿ. ಅದಕ್ಕೂ ಮೊದಲು, 2009ರಲ್ಲಿ, ಕೈಮಿಂಗ್ ಹೆ ಮತ್ತು ಅವರ ಇಬ್ಬರು ಸಹೋದ್ಯೋಗಿಗಳು ಒಂದೇ ಒಂದು ಚಿತ್ರದಿಂದ ಮಬ್ಬನ್ನು ಅಳೆದು ತೆಗೆಯುವ ಸರಳವಾದ ವಿಧಾನವೊಂದನ್ನು ಪ್ರಕಟಿಸಿದ್ದರು. ಅದರ ತಿರುಳು ಇಷ್ಟು: ಮಬ್ಬಿಲ್ಲದ ಹೊರಾಂಗಣ ದೃಶ್ಯದಲ್ಲಿ ಆಕಾಶವನ್ನು ಬಿಟ್ಟು ಯಾವ ಸಣ್ಣ ತುಣುಕನ್ನು ತೆಗೆದುಕೊಂಡರೂ ಅದರಲ್ಲಿ ಎಲ್ಲೋ ಒಂದು ಕಡೆ ಕೆಂಪು, ಹಸಿರು, ನೀಲಿಗಳಲ್ಲಿ ಒಂದಾದರೂ ಸೊನ್ನೆಯ ಹತ್ತಿರ ಇರುತ್ತದೆ, ಇರದೆ ಮೇಲಕ್ಕೆ ಎದ್ದಿದ್ದರೆ, ಎದ್ದಷ್ಟು ಪ್ರಮಾಣ ಮಬ್ಬಿನದು ಎಂದು ತಿಳಿದು ಕಳೆಯಬಹುದು. ಈ ತರ್ಕ ಮರ, ಕಟ್ಟಡ, ಬಂಡೆಗಳಿಗೆ ಸೊಗಸಾಗಿ ಒಪ್ಪುತ್ತದೆ. ನೊರೆಗೆ ಒಪ್ಪುವುದಿಲ್ಲ. ನೊರೆ ಹುಟ್ಟಿನಿಂದಲೇ ಬಿಳಿ, ಅದರಲ್ಲಿ ಮೂರು ಬಣ್ಣಗಳೂ ಎತ್ತರದಲ್ಲೇ ಇರುತ್ತವೆ, ಆದ್ದರಿಂದ ಆ ಬಿಳುಪೇ ಮಬ್ಬೆಂದು ಎಣಿಸಿ ಲೆಕ್ಕಾಚಾರ ಅದನ್ನು ಕಳೆಯಲು ಹೊರಡುತ್ತದೆ. ಮೋಡ ಕವಿದ ಆಕಾಶದ ಗತಿಯೂ ಅದೇ. ಯಾವ ತಂತ್ರಾಂಶ ಒಳಗೆ ಯಾವ ಸೂತ್ರವನ್ನು ಬಳಸಿದರೂ ಬಿಳಿ ವಸ್ತುವಿನ ಮುಂದೆ ಈ ತೊಡಕು ತಪ್ಪಿದ್ದಲ್ಲ. ಆದುದರಿಂದ ಡೀಹೇಜ್ ಅನ್ನು ಇಡೀ ಚಿತ್ರಕ್ಕೆ ಹಾಕಬೇಡಿ. ಸೇತುವೆ ಮತ್ತು ಅದರ ಹಿಂದಿನ ಕಟ್ಟಡಗಳ ಮೇಲೆ ಬ್ರಷ್‌ನಿಂದ ಮಾಸ್ಕ್ ಬಳಿದು ಅಲ್ಲಿ ಮಾತ್ರ 15ರಿಂದ 20ರಷ್ಟು ಕೊಡಿ, 100ರವರೆಗೆ ಹೋಗಬೇಡಿ. ಬಣ್ಣ ಗಾಢವಾದಂತೆ ಕಂಡರೆ ಅದೇ ಮಾಸ್ಕ್‌ನಲ್ಲಿ ಸ್ಯಾಚುರೇಷನ್ ಇಳಿಸಿ.

ಆಕಾಶಕ್ಕೆ ನಾನು ಡೀಹೇಜ್ ಮುಟ್ಟಿಸಲೇ ಇಲ್ಲ. ಮೇಲಿನಿಂದ ಒಂದು ಗ್ರೇಡಿಯೆಂಟ್ ತಂದು ಎಕ್ಸ್‌ಪೋಷರನ್ನು ಅರ್ಧ ಸ್ಟಾಪ್ (ಒಂದು ಸ್ಟಾಪ್ ಏರಿಸಿದರೆ ಬೆಳಕು ಇಮ್ಮಡಿ, ಇಳಿಸಿದರೆ ಅರ್ಧ) ಇಳಿಸಿ, ಹೈಲೈಟ್ಸ್ ಕಡಿಮೆ ಮಾಡಿ, ಕ್ಲಾರಿಟಿಯನ್ನು ಒಂದು ಚೂರು ಏರಿಸಿದೆ. ಆಗ ಒಂದು ವಿಷಯ ಗೊತ್ತಾಯಿತು. ಜೆಪೆಗ್‌ನಲ್ಲಿ ಸಾದಾ ಬೂದಿಯಾಗಿದ್ದ ಜಾಗದಲ್ಲಿ, ಸೇತುವೆಯ ಗೋಪುರದ ಬಲಕ್ಕೆ, ಮೋಡದ ಅಡಿಯಿಂದ ಓರೆಯಾಗಿ ನೀರಿನವರೆಗೆ ಇಳಿದುಬಂದ ಮಳೆಯ ಪರದೆಯೊಂದು ಇದೆ. ಅದರ ಒಂದು ಅಂಚು ಕತ್ತರಿಸಿದಂತೆ ಸ್ಪಷ್ಟವಾಗಿದ್ದು, ಅಂಚಿನ ಈಚೆ ನೀರು ಹೊಳೆಯುತ್ತಿದೆ, ಆಚೆ ಮಾಸಿದೆ. ಮಳೆ ವರ್ಲಿಯನ್ನು ದಾಟಿ ನಿಮ್ಮ ಕಡೆಗೆ ಬರುತ್ತಿತ್ತು. ನಿಮ್ಮ ಮಾವನವರು ಅಲ್ಲಿ ನಿಂತು ನೋಡಿದ್ದು ಬಹುಶಃ ಅದನ್ನೇ. ಮಬ್ಬನ್ನು ಪೂರ್ತಿ ತೆಗೆಯಲು ಹೋಗಿದ್ದರೆ ಆ ಪರದೆಯೂ ಅದರೊಂದಿಗೆ ಹೋಗುತ್ತಿತ್ತು.

ಕೊನೆಯಲ್ಲಿ ಲೆನ್ಸ್ ಮೇಲೆ ಬಿದ್ದ ನಾಲ್ಕು ಹನಿಗಳ ಕಲೆಗಳನ್ನು ಹೀಲ್ ಉಪಕರಣದಿಂದ ಒರೆಸಿದೆ. ಆಕಾಶದಲ್ಲಿದ್ದ ಮೂರು ಸುಲಭವಾಗಿ ಹೋದವು. ಸೇತುವೆಯ ಕೇಬಲ್‌ಗಳ ಮೇಲೆ ಕೂತಿದ್ದ ನಾಲ್ಕನೆಯದು ಹದಿನೈದು ನಿಮಿಷ ತಿಂದಿತು, ಏಕೆಂದರೆ ಅಲ್ಲಿ ಒಂದೊಂದು ಗೆರೆಯನ್ನೂ ಅದರದೇ ಓರೆಯಲ್ಲಿ ಕೂಡಿಸಬೇಕಾಗುತ್ತದೆ. ಮುಂದಿನ ಸಲ ಜೇಬಿನಲ್ಲಿ ಹಳೆಯ ಮೆತ್ತನೆಯ ಹತ್ತಿ ಬಟ್ಟೆಯೊಂದನ್ನು ಇಟ್ಟುಕೊಂಡು ಹೋಗಿ, ಲೆನ್ಸ್‌ಗೆ ಹುಡ್ ಹಾಕಿ. ಇನ್ನೊಂದು ಮಾತು: ರಾ ಫೈಲಿನಲ್ಲಿ ಹೆಚ್ಚಿನ ಮಟ್ಟಗಳು ಬೆಳಕಿನ ಕಡೆಗೇ ಸೇರಿರುತ್ತವೆ, 14 ಬಿಟ್‌ನಲ್ಲಿ ಅತಿ ಬೆಳಕಿನ ಒಂದೇ ಸ್ಟಾಪ್‌ಗೆ 8,192 ಮಟ್ಟಗಳು ಮೀಸಲು. ಹಾಗಾಗಿ ಇಂಥ ಮಬ್ಬು ದಿನ ಗುಡ್ಡೆ ಬಲತುದಿಗೆ ತಾಗದಂತೆ ನೋಡಿಕೊಂಡು ತುಸು ಹೆಚ್ಚಿನ ಎಕ್ಸ್‌ಪೋಷರ್ ಕೊಟ್ಟು ತೆಗೆದರೆ, ಮನೆಗೆ ಬಂದು ಕೆಳಗಿಳಿಸುವಾಗ ನೆರಳಿನಲ್ಲಿ ಕಾಳುಕಾಳಾಗಿ ಕಾಣುವುದಿಲ್ಲ.

ಪ್ರಶ್ನೆ: ನನ್ನ ಬಳಿ ಕ್ಯಾಮೆರಾ ಇಲ್ಲ, ಮೊಬೈಲ್ ಫೋನ್ ಮಾತ್ರ ಇದೆ. ಬೋಗ್ಮಾಳೊ ಕಡಲತೀರದಲ್ಲಿ ಮಳೆ ಬರುತ್ತಿರುವಾಗ ತೆಗೆದ ಫೋಟೊಗಳು ಮಸುಕಾಗಿವೆ. ನೀವು ಹೇಳುವುದೆಲ್ಲ ದೊಡ್ಡ ಕ್ಯಾಮೆರಾದವರಿಗೆ ಮಾತ್ರವೇ?
(ವಾಸ್ಕೋದ ಶಿಕ್ಷಕಿಯೊಬ್ಬರು)

ಉತ್ತರ: ಖಂಡಿತ ಅಲ್ಲ, ಆದರೆ ನಿಮ್ಮ ಫೋಟೊಗಳಲ್ಲಿ ಎರಡು ಬಗೆಯ ಮಸುಕು ಇದ್ದು ಎರಡಕ್ಕೂ ಮದ್ದು ಬೇರೆ. ಮೊದಲ ಮೂರರಲ್ಲಿ ಇರುವುದು ಗಾಳಿಯ ಮಬ್ಬು. ಕೊನೆಯ ಎರಡರಲ್ಲಿ ದೀಪಗಳ ಸುತ್ತ ಬಿಳಿಯ ಹೊಗೆ ಹರಡಿದಂತೆ ಕಾಣುವುದು ಫೋನಿನ ಲೆನ್ಸ್ ಮೇಲಿನ ಉಪ್ಪುನೀರು ಮತ್ತು ಬೆರಳಿನ ಎಣ್ಣೆ. ಸೀರೆಯ ಸೆರಗಿನಿಂದ ಒರೆಸಿದ್ದರೆ ಅದು ಇನ್ನಷ್ಟು ಹರಡಿರುತ್ತದೆ. ಎರಡನೆಯ ಬಗೆಯನ್ನು ಎಡಿಟಿಂಗ್‌ನಲ್ಲಿ ತಕ್ಕಮಟ್ಟಿಗೆ ಮರೆಮಾಚಬಹುದೇ ಹೊರತು ತೆಗೆಯಲಾಗದು.

ಮೊದಲ ಮೂರಕ್ಕೆ ಸ್ನ್ಯಾಪ್‌ಸೀಡ್ ಸಾಕು, ಅದು ಉಚಿತ. ಅದರಲ್ಲಿ ‘ಕರ್ವ್ಸ್’ ತೆರೆದು ಎಡ ಕೆಳಮೂಲೆಯ ಚುಕ್ಕೆಯನ್ನು ಗುಡ್ಡೆ ಶುರುವಾಗುವ ಜಾಗದ ಹತ್ತಿರಕ್ಕೆ ಮೆಲ್ಲಗೆ ಬಲಕ್ಕೆ ಸರಿಸಿ, ಪೂರ್ತಿ ಮುಟ್ಟಿಸಬೇಡಿ. ಆಮೇಲೆ ‘ಸೆಲೆಕ್ಟಿವ್’ ಉಪಕರಣದಿಂದ ಮರಳಿನ ಮೇಲೊಂದು, ಗುಡ್ಡದ ಮೇಲೊಂದು ಚುಕ್ಕೆ ಇಟ್ಟು ಅಲ್ಲಲ್ಲಿ ಕಾಂಟ್ರಾಸ್ಟ್ ಹೊಂದಿಸಿ. ಅದರಲ್ಲಿರುವ ಎಚ್‌ಡಿಆರ್ ಫಿಲ್ಟರಿನಿಂದ ದೂರವಿರಿ, ಅದು ಮಳೆಯ ಮೋಡವನ್ನು ಒಲೆಯ ಮಸಿಯಂತೆ ಮಾಡುತ್ತದೆ. ನಿಮ್ಮ ಫೋನಿನ ಪ್ರೊ ಮೋಡ್‌ನಲ್ಲಿ ರಾ ಅಥವಾ ಡಿಎನ್‌ಜಿ (ಇದೂ ರಾ ಫೈಲಿನದೇ ಒಂದು ಬಗೆ) ಎಂಬ ಆಯ್ಕೆ ಇದೆಯೇ ನೋಡಿ. ಇದ್ದರೆ ಮುಂದಿನ ಸಲ ಅದರಲ್ಲೇ ತೆಗೆಯಿರಿ, ಸ್ನ್ಯಾಪ್‌ಸೀಡ್ ಡಿಎನ್‌ಜಿ ಫೈಲನ್ನೂ ತೆರೆಯುತ್ತದೆ. ನಮಗೆ ಕಳಿಸುವಾಗ ವಾಟ್ಸ್ಆ್ಯಪ್‌ನಲ್ಲಿ ಫೋಟೊ ಎಂದು ಕಳಿಸದೆ ಡಾಕ್ಯುಮೆಂಟ್ ಎಂದು ಕಳಿಸಬೇಕಾಗಿ ಕೋರಿಕೆ. ಫೋಟೊ ಎಂದು ಕಳಿಸಿದರೆ ಅದು ದಾರಿಯಲ್ಲೇ ಕುಗ್ಗಿ ಬರುತ್ತದೆ.

ಪ್ರಶ್ನೆ: ಜುಲೈಯಲ್ಲಿ ಬಾಂದ್ರಾ ಕೋಟೆಯಿಂದ ಸೀ ಲಿಂಕ್‌ನ ಫೋಟೊ ತೆಗೆದಿದ್ದೆ. ಆಕಾಶ ಬರೀ ಬಿಳುಪಾಗಿತ್ತು. ಫೋಟೊಶಾಪ್‌ನಲ್ಲಿ ಆಕಾಶವನ್ನು ಬದಲಿಸಿ ಸೇತುವೆಯ ಹಿಂದೆ ಸೂರ್ಯಾಸ್ತ ಹಾಕಿ, ನೀರಿನಲ್ಲಿ ಎರಡು ಮೀನುಗಾರಿಕೆ ದೋಣಿಗಳನ್ನೂ ಸೇರಿಸಿದೆ. ಮನೆಯವರೆಲ್ಲ ಮೆಚ್ಚಿದರು. ಸ್ಪರ್ಧೆಗೆ ಕಳಿಸಬಹುದೇ?
(ಪುಣೆ, ಕೋಥ್ರುಡ್‌ನ ಓದುಗರು)

ಉತ್ತರ: ಸ್ಪರ್ಧೆಯ ಯಾವ ವಿಭಾಗ ಎಂಬುದರ ಮೇಲೆ ಉತ್ತರ ನಿಂತಿದೆ. ನಿಸರ್ಗ ಮತ್ತು ಪತ್ರಿಕಾ ಛಾಯಾಚಿತ್ರ ವಿಭಾಗಗಳಲ್ಲಿ ಚಿತ್ರಕ್ಕೆ ಏನನ್ನಾದರೂ ಸೇರಿಸುವುದಾಗಲಿ, ಅದರಲ್ಲಿರುವುದನ್ನು ಅಳಿಸುವುದಾಗಲಿ ನಿಯಮಕ್ಕೆ ವಿರುದ್ಧ. ಕ್ರಾಪ್ ಮಾಡುವುದಕ್ಕೆ, ಬೆಳಕು–ಬಣ್ಣಗಳನ್ನು ಮಿತವಾಗಿ ಹೊಂದಿಸುವುದಕ್ಕೆ ಸಾಮಾನ್ಯವಾಗಿ ಅಡ್ಡಿಯಿಲ್ಲ. ಮುಕ್ತ ಅಥವಾ ಸೃಜನಶೀಲ ವಿಭಾಗವಾದರೆ ಕಳಿಸಬಹುದು, ನಿಯಮಾವಳಿಯನ್ನು ಓದಿಕೊಂಡು ಕಳಿಸಿ.

ಆಕಾಶ ಬದಲಿಸುವುದು ಹೊಸ ಪಾಪವೇನೂ ಅಲ್ಲ. ಫ್ರಾನ್ಸಿನ ಗುಸ್ತಾವ್ ಲ ಗ್ರೇ 1850ರ ದಶಕದಲ್ಲಿಯೇ ಕಡಲಿಗೊಂದು ನೆಗೆಟಿವ್, ಆಕಾಶಕ್ಕೊಂದು ನೆಗೆಟಿವ್ ಬಳಸಿ ಎರಡನ್ನೂ ಒಂದೇ ಹಾಳೆಯ ಮೇಲೆ ಮುದ್ರಿಸುತ್ತಿದ್ದರು. ಅಂದಿನ ಗಾಜಿನ ಫಲಕಗಳು ನೀಲಿ ಬೆಳಕಿಗೆ ಅತಿಯಾಗಿ ಸ್ಪಂದಿಸುತ್ತಿದ್ದರಿಂದ, ಕಡಲು ಸರಿಯಾಗಿ ಬರುವಷ್ಟು ಹೊತ್ತು ತೆರೆದಿಟ್ಟರೆ ಆಕಾಶ ಸುಟ್ಟುಹೋಗುತ್ತಿತ್ತು. ಅವರಿಗೆ ಬೇರೆ ದಾರಿ ಇರಲಿಲ್ಲ. ಫೋಟೊಶಾಪ್‌ನಲ್ಲಿ 2020ರಿಂದ ಇದೇ ಕೆಲಸಕ್ಕೆ ಒಂದು ಮೆನು ಇದೆ, ಕೆಲವು ಕ್ಷಣಗಳಲ್ಲಿ ಮುಗಿಯುತ್ತದೆ, ಮತ್ತು ಮುಗಿಸುವವರು ಆಕಾಶ ನೋಡುವ ಗೋಜಿಗೆ ಹೋಗುವುದಿಲ್ಲ.

ನಿಮ್ಮ ಚಿತ್ರದಲ್ಲಿ ಆಗಿರುವುದೂ ಅದೇ ಎಂದು ಹೇಳಬೇಕಾಗಿದೆ, ಬೇಸರಿಸಬೇಡಿ. ಬಾಂದ್ರಾ ಕೋಟೆಯಿಂದ ಸೀ ಲಿಂಕ್ ಕಾಣುವುದು ಆಗ್ನೇಯ ಮತ್ತು ದಕ್ಷಿಣದ ಕಡೆಗೆ. ಜುಲೈ ತಿಂಗಳಿನಲ್ಲಿ ಸೂರ್ಯ ಮುಳುಗುವುದು ಪಶ್ಚಿಮದಿಂದಲೂ ಉತ್ತರಕ್ಕೆ ಸರಿದು. ಆ ಸೇತುವೆಯ ಹಿಂದೆ ಸೂರ್ಯಾಸ್ತ ನೋಡಲು ನೀವು ಕೋಟೆಯಲ್ಲಿ ವರ್ಷಪೂರ್ತಿ ಕಾದರೂ ಆಗದು. ಹಿಂದೆ ಕಿತ್ತಳೆ ಸೂರ್ಯನಿದ್ದರೂ ನೀರಿನ ಮೇಲೆ ಅದರ ಹೊಳಪಿಲ್ಲ, ಬಂಡೆಗಳ ನೆರಳಿಗೆ ದಿಕ್ಕಿಲ್ಲ, ಕೇಬಲ್‌ಗಳ ಸಂದಿನಲ್ಲಿ ಹಳೆಯ ಬಿಳಿ ಆಕಾಶ ದಾರದಂತೆ ಉಳಿದಿದೆ. ಇನ್ನು ದೋಣಿಗಳು. ಜುಲೈಯಲ್ಲಿ ಯಂತ್ರದ ದೋಣಿಗಳಿಗೆ ಮೀನುಗಾರಿಕೆ ನಿಷೇಧ, ಅವೆಲ್ಲ ದಡಕ್ಕೆ ಬಂದು ತಾಡಪತ್ರಿ ಹೊದ್ದುಕೊಂಡಿರುತ್ತವೆ. ಕಡಲ ಕಡೆಯ ಒಬ್ಬರೇ ಒಬ್ಬರು ತೀರ್ಪುಗಾರರ ಸಾಲಿನಲ್ಲಿ ಕೂತಿದ್ದರೂ ಅಷ್ಟು ಸಾಕು. ಮೂಲ ಫೈಲ್ ಉಳಿಸಿಕೊಂಡಿದ್ದರೆ ಡೊಂಬಿವಲಿಯವರಿಗೆ ಹೇಳಿದ ದಾರಿಯನ್ನೇ ಹಿಡಿದು ನೋಡಿ; ಆಕಾಶ ಪೂರ್ತಿ ಸುಟ್ಟಿದ್ದರೆ ಮೇಲಿನ ಭಾಗವನ್ನು ಧಾರಾಳವಾಗಿ ಕತ್ತರಿಸಿ, ಸೇತುವೆಯ ಕೆಳಭಾಗ ಮತ್ತು ನೀರನ್ನಷ್ಟೇ ಉಳಿಸಿಕೊಂಡ ಅಡ್ಡ ಪಟ್ಟಿಯೊಂದನ್ನು ಮಾಡಿ.

ಪ್ರಶ್ನೆ: ನಮ್ಮ ಹೋಟೆಲಿನ ಗೋಡೆಗೆಂದು ಮಲ್ಪೆಯ ಮಳೆಗಾಲದ ಫೋಟೊವನ್ನು ಮೂರು ಅಡಿ ಅಗಲಕ್ಕೆ ಪ್ರಿಂಟ್ ಹಾಕಿಸಿದೆ. ಕಂಪ್ಯೂಟರಿನಲ್ಲಿ ಚೆನ್ನಾಗಿತ್ತು, ಪ್ರಿಂಟ್ ಕಪ್ಪಗೆ ಬಂತು. ಸ್ಟುಡಿಯೋದವರ ತಪ್ಪೇ?
(ಮಾಟುಂಗಾದ ಹೋಟೆಲ್ ಉದ್ಯಮಿಯೊಬ್ಬರು)

ಉತ್ತರ: ಇರಲಿಕ್ಕಿಲ್ಲ. ನಿಮ್ಮ ಮಾನಿಟರಿನ ಬೆಳಕು ಪೂರ್ತಿ ಏರಿಸಿಟ್ಟಿರುತ್ತದೆ, ಅದರ ಮುಂದೆ ಕೂತು ಚಿತ್ರವನ್ನು ಹದಕ್ಕೆ ತಂದಿರುತ್ತೀರಿ; ಕಾಗದಕ್ಕೆ ಸ್ವಂತ ಬೆಳಕಿಲ್ಲ. ಮಾನಿಟರನ್ನು ಅರ್ಧಕ್ಕಿಂತ ಕೆಳಗಿಳಿಸಿ, ಪಕ್ಕದಲ್ಲಿ ಒಂದು ಬಿಳಿ ಹಾಳೆಯನ್ನು ಕೋಣೆಯ ದೀಪದಲ್ಲಿ ಹಿಡಿದು, ಪರದೆಯ ಬಿಳುಪೂ ಹಾಳೆಯ ಬಿಳುಪೂ ಹೆಚ್ಚುಕಡಿಮೆ ಒಂದೇ ಎನಿಸುವವರೆಗೆ ಹೊಂದಿಸಿಕೊಂಡು ಮತ್ತೆ ಎಡಿಟ್ ಮಾಡಿ. ದೊಡ್ಡ ಪ್ರಿಂಟ್‌ಗೆ ಕೊಡುವ ಮೊದಲು ಅದೇ ಕಾಗದದ ಮೇಲೆ ಒಂದು ಸಣ್ಣ ತುಂಡನ್ನು ಹಾಕಿಸಿ, ಹೋಟೆಲಿನ ಗೋಡೆಗೇ ಹಿಡಿದು ನೋಡಿ. ಅಳತೆಯ ಬಗ್ಗೆ ಚಿಂತೆ ಬೇಡ: 24 ಮೆಗಾಪಿಕ್ಸೆಲ್‌ನ ಫೈಲ್ ಮೂರು ಅಡಿ ಅಗಲಕ್ಕೆ ಇಂಚಿಗೆ 166 ಚುಕ್ಕೆಗಳಷ್ಟು ಬರುತ್ತದೆ, ಮೇಜಿನ ಆಚೆ ಕೂತು ಕಾಫಿ ಕುಡಿಯುವವರಿಗೆ ಅದು ಧಾರಾಳ.

ಪ್ರಶ್ನೆ: ಏನು ಮಾಡಿದರೂ ಬಣ್ಣ ಸರಿಬಾರದಿದ್ದರೆ ಕಪ್ಪು–ಬಿಳುಪು ಮಾಡಿಬಿಡಬಹುದೇ? ಇದು ಸೋಲೊಪ್ಪಿಕೊಂಡಂತೆಯೇ?
(ವಸಾಯಿಯ ವಿದ್ಯಾರ್ಥಿನಿ)

ಉತ್ತರ: ನೀವು ಕಳಿಸಿದ ವಸಾಯಿ ಕೋಟೆಯ ಚಿತ್ರಕ್ಕೆ ಅದೇ ಸರಿಯಾದ ದಾರಿ, ನಾನಾದರೆ ಮೊದಲೇ ಅದನ್ನು ಮಾಡುತ್ತಿದ್ದೆ. ಆ ಚಿತ್ರದಲ್ಲಿ ಬಣ್ಣವೆಂದು ಇರುವುದು ಕೋಟೆಯ ಗೋಡೆಯ ಮೇಲಿನ ಹಸಿರು ಪಾಚಿ ಮಾತ್ರ, ಕಣ್ಣು ಹೋಗಿ ಅಲ್ಲೇ ಕೂರುತ್ತದೆ, ಖಾಡಿಯ ಮೇಲೆ ಸಾಗುತ್ತಿರುವ ಮೋಡವನ್ನು ನೋಡುವುದೇ ಇಲ್ಲ. ಸುಮ್ಮನೆ ಸ್ಯಾಚುರೇಷನ್ ಸೊನ್ನೆಗೆ ಇಳಿಸದೆ ಬ್ಲ್ಯಾಕ್ ಆ್ಯಂಡ್ ವೈಟ್ ಮಿಕ್ಸರ್ ಬಳಸಿ. ಹಸಿರನ್ನು ತುಸು ಕಡು ಮಾಡಿದರೆ ಗೋಡೆ ಹಿಂದೆ ಸರಿದು ಮೋಡ ಮುಂದೆ ಬರುತ್ತದೆ. ತೆಳುವಾದ ಮಬ್ಬಿದ್ದಾಗ ಕೆಂಪು ಚಾನೆಲ್‌ನಲ್ಲಿ ದೂರದ ದಡ ಹೆಚ್ಚು ಸ್ಪಷ್ಟವಾಗಿ ಇರುವುದುಂಟು, ನೀಲಿಯಲ್ಲಿ ಮಬ್ಬು ಹೆಚ್ಚು. ಮೂರು ಚಾನೆಲ್‌ಗಳನ್ನೂ ಬೇರೆಬೇರೆಯಾಗಿ ತೆರೆದು ನೋಡಿ ಯಾವುದರಲ್ಲಿ ಆಚೆ ದಡದ ಮರಗಳ ಸಾಲು ಕಾಣುತ್ತದೋ ಅದಕ್ಕೆ ಹೆಚ್ಚಿನ ಪಾಲು ಕೊಡಿ. ನಾನು ನೋಡಿದಾಗ ಕೆಂಪಿನಲ್ಲಿ ಹನ್ನೊಂದು ಮರಗಳನ್ನು ಎಣಿಸಲು ಬಂತು, ನೀಲಿಯಲ್ಲಿ ನಾಲ್ಕು.